ಗೋಡೆಯ ತೇವ, ತಾರಸಿಯ ನೀರು: ಮನೆ ತಪಾಸಣೆಯ ಕೆಲವು ನೆನಪುಗಳು

ಬೆಂಗಳೂರಿನ ಮಧ್ಯಮವರ್ಗದ ಕುಟುಂಬಗಳು 1970 ಮತ್ತು 80ರ ದಶಕಗಳಲ್ಲಿ ಹಳೆಯ ಮನೆಯೊಂದನ್ನು ಕೊಳ್ಳುವಾಗ ಅನುಸರಿಸುತ್ತಿದ್ದ ಕ್ರಮವನ್ನು ಇಂದು ನೆನೆದರೆ, ಕಾಗದಪತ್ರಗಳಿಗೆ ಸಲ್ಲುತ್ತಿದ್ದ ಮರ್ಯಾದೆಯ ಕಾಲುಭಾಗವೂ ಕಟ್ಟಡಕ್ಕೆ ಸಲ್ಲುತ್ತಿರಲಿಲ್ಲ ಎಂಬುದು ಸ್ಪಷ್ಟವಾಗುತ್ತದೆ. ಮೂಲಪತ್ರ, ಕ್ರಯಪತ್ರ, ಖಾತೆ, ತೆರಿಗೆ ರಸೀತಿಗಳ ಜೊತೆಗೆ ಋಣಭಾರ ಪತ್ರವನ್ನೂ, ಅಂದರೆ ಆ ಸ್ವತ್ತಿನ ಮೇಲೆ ಹಿಂದೆ ನಡೆದ ನೋಂದಾಯಿತ ವಹಿವಾಟುಗಳನ್ನು ಪಟ್ಟಿಮಾಡಿ ಸಬ್‌ರಿಜಿಸ್ಟ್ರಾರ್ ಕಚೇರಿ ಕೊಡುವ ದಾಖಲೆಯನ್ನೂ, ವಕೀಲರು ವಾರಗಟ್ಟಲೆ ಇಟ್ಟುಕೊಂಡು ಓದುತ್ತಿದ್ದರು. ಬಳಿಕ ಜೋಯಿಸರು ಆಯ ಲೆಕ್ಕಹಾಕಿ, ಬಾಗಿಲು ಯಾವ ದಿಕ್ಕಿಗಿದೆ, ಬಾವಿ ಯಾವ ಮೂಲೆಯಲ್ಲಿದೆ ಎಂದು ವಿಚಾರಿಸುತ್ತಿದ್ದರು. ಇಷ್ಟೆಲ್ಲ ಆದ ಮೇಲೆ ಒಂದು ಭಾನುವಾರ ಮನೆಮಂದಿಯೆಲ್ಲ ಹೋಗಿ, ಮಾರುವವರು ಕೊಟ್ಟ ಕಾಫಿ ಕುಡಿದು, ಕೋಣೆಯಿಂದ ಕೋಣೆಗೆ ಓಡಾಡಿ, ‘ಗಾಳಿ ಬೆಳಕು ಚೆನ್ನಾಗಿದೆ’ ಎಂಬ ಒಮ್ಮತದ ಅಭಿಪ್ರಾಯದೊಂದಿಗೆ ಮರಳುತ್ತಿದ್ದರು. ಎತ್ತು ಕೊಳ್ಳುವ ರೈತ ಹಲ್ಲು ನೋಡಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿಯೂ ನೋಡುತ್ತಾನೆ. ಅದಕ್ಕಿಂತ ನೂರಾರು ಪಾಲು ಬೆಲೆಬಾಳುವ ಮನೆಯನ್ನು ಕೊಳ್ಳುವವರು ಅದನ್ನು ನಡೆಸಿ ನೋಡುವ ಗೋಜಿಗೆ ಹೋಗುತ್ತಿರಲಿಲ್ಲ.

ಆ ಕಾಲದಲ್ಲಿ ಪರೀಕ್ಷೆ ಎಂಬುದು ಇರಲೇ ಇಲ್ಲವೆಂದು ಇದರ ಅರ್ಥವಲ್ಲ. ಸ್ವಲ್ಪ ಮುಂದಾಲೋಚನೆಯುಳ್ಳವರು ಪರಿಚಯದ ಮೇಸ್ತ್ರಿಯೊಬ್ಬನನ್ನು ಜೊತೆಗೆ ಕರೆದೊಯ್ಯುತ್ತಿದ್ದರು, ಮತ್ತು ಇಂದು ವೃತ್ತಿಪರ ತಪಾಸಣೆ ಎಂದು ಕರೆಸಿಕೊಳ್ಳುವ ಕೆಲಸದ ಬಹುಪಾಲು ತಿರುಳು ಆ ಮೇಸ್ತ್ರಿಯ ಕಣ್ಣಿನಲ್ಲಿ, ಬೆರಳ ಗೆಣ್ಣಿನಲ್ಲಿ ಆಗಲೇ ಇತ್ತು. ಪ್ರಸ್ತುತ ಲೇಖಕನು ಬಾಲ್ಯದಲ್ಲಿ ಚಾಮರಾಜಪೇಟೆಯ ಮದ್ರಾಸ್ ತಾರಸಿಯ ಮನೆಯೊಂದರಲ್ಲಿ ಅಂಥ ಪರೀಕ್ಷೆಯನ್ನು ಹತ್ತಿರದಿಂದ ಕಂಡವನು. ಮದ್ರಾಸ್ ತಾರಸಿ ಎಂದರೆ ಮರದ ತೊಲೆಗಳನ್ನು ಹಾಸಿ, ಅವುಗಳ ಮೇಲೆ ತೆಳುವಾದ ಇಟ್ಟಿಗೆಗಳನ್ನು ಸುಣ್ಣದ ಗಾರೆಯಲ್ಲಿ ಅಂಚಿನ ಮೇಲೆ ನಿಲ್ಲಿಸಿ ಕಟ್ಟುತ್ತಿದ್ದ ಚಾವಣಿ. ಮನೆಯ ಹಿರಿಯರು ನಡುಮನೆಯ ಕೆಂಪು ಗಾರೆನೆಲದ ಹೊಳಪನ್ನು ಹೊಗಳುತ್ತಿದ್ದಾಗ ಮೇಸ್ತ್ರಿ ಅದರತ್ತ ಕಣ್ಣು ಹಾಯಿಸದೆ, ‘ನೀರು ಎಲ್ಲಿಂದ ಇಳಿದು ಎಲ್ಲಿಗೆ ಹೋಗ್ತದೆ ತೋರ್ಸಿ ಸ್ವಾಮಿ, ಆಮೇಲೆ ಮಿಕ್ಕಿದ್ದು’ ಎಂದು ನೇರವಾಗಿ ತಾರಸಿಗೆ ಹತ್ತಿದನು. ಅಲ್ಲಿ ಒಂದು ಬಿಂದಿಗೆ ನೀರು ಸುರಿದು, ಅದು ಹರಿದು ಹೋಗುವ ದಾರಿಯನ್ನು ಕುಕ್ಕರಗಾಲಿನಲ್ಲಿ ಕುಳಿತು ನೋಡಿ, ಕೆಳಗಿಳಿದು ಏಣಿ ಹಾಕಿಸಿಕೊಂಡು, ಗೋಡೆಯೊಳಗೆ ಹೂತ ಪ್ರತಿಯೊಂದು ತೊಲೆಯ ತುದಿಯನ್ನೂ ಉಳಿಯ ಮೊನೆಯಿಂದ ಚುಚ್ಚಿದನು. ಮೂರನೆಯ ತೊಲೆಯಲ್ಲಿ ಉಳಿ ಪ್ರತಿರೋಧವಿಲ್ಲದೆ ಅರ್ಧ ಬೆರಳಿನಷ್ಟು ಒಳಗಿಳಿಯಿತು. ತೊಲೆಯ ನಡುಭಾಗಕ್ಕೆ ಗಾಳಿಯಾಡುತ್ತದೆ, ತುದಿಗೆ ಆಡುವುದಿಲ್ಲ; ಗೋಡೆ ಕುಡಿದ ನೀರನ್ನು ಮೊದಲು ಹೀರುವುದೂ ಗೆದ್ದಲಿಗೆ ಮೊದಲು ಸಿಕ್ಕುವುದೂ ಆ ತುದಿಯೇ ಎಂಬ ತಿಳಿವಳಿಕೆ ಅವನ ಉಳಿಯ ಹಿಂದೆ ಇತ್ತು.

ಆದರೆ ಮೇಸ್ತ್ರಿಯ ಪರೀಕ್ಷೆಗೆ ಎರಡು ಕೊರತೆಗಳಿದ್ದವು. ಮೊದಲನೆಯದು, ಗಾರೆ ಮತ್ತು ಮರದ ಆಚೆಗೆ, ವಿಶೇಷವಾಗಿ ವಿದ್ಯುತ್ತಿನ ವಿಷಯದಲ್ಲಿ, ಅವನ ತಿಳಿವು ಕೈಚೆಲ್ಲುತ್ತಿತ್ತು. ಎರಡನೆಯದು ಹೆಚ್ಚು ಗಂಭೀರವಾದುದು: ದೋಷವನ್ನು ಹೇಳುವವನೇ ಅದನ್ನು ದುರಸ್ತಿ ಮಾಡುವ ಗುತ್ತಿಗೆಯನ್ನೂ ನಿರೀಕ್ಷಿಸುತ್ತಿದ್ದುದರಿಂದ, ಸಣ್ಣ ಬಿರುಕು ದೊಡ್ಡದಾಗಿಯೂ, ಕೆಲವೊಮ್ಮೆ ಮಾರುವವರ ಕಡೆಯ ದಾಕ್ಷಿಣ್ಯಕ್ಕೆ ಸಿಲುಕಿ ದೊಡ್ಡ ಬಿರುಕು ಸಣ್ಣದಾಗಿಯೂ ಕಾಣುವ ಸಾಧ್ಯತೆ ಯಾವಾಗಲೂ ಇತ್ತು. ತಪಾಸಣೆಯನ್ನು ಒಂದು ಸ್ವತಂತ್ರ ವೃತ್ತಿಯಾಗಿ ಬೆಳೆಸಿದ ಅಮೆರಿಕದಲ್ಲಿ ಈ ಎರಡನೆಯ ಕೊರತೆಗೇ ಮೊದಲು ಮದ್ದು ಹುಡುಕಿದಂತೆ ತೋರುತ್ತದೆ. ಅಲ್ಲಿನ ಮನೆ ತಪಾಸಕರ ಸಂಘ 1976ರಲ್ಲಿ ಸ್ಥಾಪನೆಯಾಯಿತು. ತಾನು ಪರೀಕ್ಷಿಸಿದ ಮನೆಯ ದುರಸ್ತಿಯನ್ನು ತಪಾಸಕ ತಾನೇ ಹಣ ಪಡೆದು ಮಾಡಿಕೊಡಬಾರದು ಎಂಬುದು ಆ ವೃತ್ತಿಯ ಮುಖ್ಯ ಕಟ್ಟುಪಾಡುಗಳಲ್ಲಿ ಒಂದು. 1984ರಲ್ಲಿ ಕ್ಯಾಲಿಫೋರ್ನಿಯದ ಮೇಲ್ಮನವಿ ನ್ಯಾಯಾಲಯವು, ತುಂಬಿದ ಮಣ್ಣಿನ ಮೇಲೆ ಕಟ್ಟಿ ಮಾರಿದ ಮನೆಯೊಂದು ಕುಸಿದ ಪ್ರಕರಣದಲ್ಲಿ, ಕಣ್ಣಿಗೆ ಕಾಣುವ ಕುರುಹುಗಳನ್ನು ಗಮನಿಸಿ ಕೊಳ್ಳುವವರಿಗೆ ತಿಳಿಸುವ ಹೊಣೆ ಮಧ್ಯವರ್ತಿಗೂ ಇದೆ ಎಂದು ತೀರ್ಪಿತ್ತ ಮೇಲೆ ತಪಾಸಣೆಯ ರೂಢಿ ಇನ್ನಷ್ಟು ಗಟ್ಟಿಯಾಯಿತು. ತೊಂಬತ್ತರ ದಶಕದಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆಂದು ಅಲ್ಲಿಗೆ ಹೋಗಿ ನೆಲೆಸಿದ ಕನ್ನಡಿಗರು ರಜೆಗೆ ಊರಿಗೆ ಬಂದಾಗ, ತಾವು ಮನೆ ಕೊಂಡ ಕಥೆಯಲ್ಲಿ ಈ ತಪಾಸಕನ ಪ್ರಸ್ತಾಪವನ್ನು ಸೋಜಿಗದಿಂದಲೇ ಮಾಡುತ್ತಿದ್ದರು. ಕರಾರಾದ ಮೇಲೆ ವಾರ ಹತ್ತು ದಿನಗಳ ಗಡುವಿರುತ್ತದೆ, ಅಷ್ಟರೊಳಗೆ ಕೊಳ್ಳುವವರು ತಮ್ಮ ಖರ್ಚಿನಲ್ಲಿ ಮನೆಯನ್ನು ಪರೀಕ್ಷಿಸಿ, ವರದಿ ಒಪ್ಪಿಗೆಯಾಗದಿದ್ದರೆ ಮುಂಗಡ ಕಳೆದುಕೊಳ್ಳದೆ ಹಿಂದೆ ಸರಿಯಬಹುದು ಎಂಬ ಮಾತನ್ನು ಕೇಳಿದ ಊರಿನ ಹಿರಿಯರಿಗೆ, ಕೊಟ್ಟ ಮುಂಗಡ ಹಿಂದಕ್ಕೆ ಬರುವುದೇ ದೊಡ್ಡ ಪವಾಡವೆನಿಸುತ್ತಿತ್ತು.

ಕರ್ನಾಟಕದಲ್ಲಿ ಈ ವೃತ್ತಿ ಬೇರೂರಿದ್ದು ಅಪಾರ್ಟ್‌ಮೆಂಟುಗಳ ಜೊತೆಗೆ, ಅದೂ ಬಹಳ ತಡವಾಗಿ. ಅದಕ್ಕೆ ಒಂದು ಕಾರಣ, ಬ್ಯಾಂಕು ಕಳಿಸುವ ಮೌಲ್ಯಮಾಪಕನೇ ಮನೆಯನ್ನು ಪರೀಕ್ಷಿಸಿದ್ದಾನೆ ಎಂಬ ಬಲವಾದ ತಪ್ಪುಕಲ್ಪನೆ. ಮೌಲ್ಯಮಾಪಕ ನೋಡುವುದು ಸಾಲಕ್ಕೆ ತಕ್ಕ ಬೆಲೆ ಆ ಸ್ವತ್ತಿಗೆ ಇದೆಯೇ, ಮಂಜೂರಾದ ನಕ್ಷೆಗೂ ಕಟ್ಟಡಕ್ಕೂ ತಾಳೆಯಾಗುತ್ತದೆಯೇ ಎಂಬುದನ್ನು. ಅವನು ಕಾಯುವುದು ಬ್ಯಾಂಕಿನ ಹಿತವನ್ನೇ ಹೊರತು ಸಾಲಗಾರನ ಬಚ್ಚಲುಮನೆಯನ್ನಲ್ಲ. 2016ರಲ್ಲಿ ಸ್ಥಿರಾಸ್ತಿ ನಿಯಂತ್ರಣ ಮತ್ತು ಅಭಿವೃದ್ಧಿ ಕಾಯಿದೆ, ಜನರ ಬಾಯಲ್ಲಿ ರೇರಾ, ಬಂದ ಮೇಲೆ ಪರಿಸ್ಥಿತಿ ಸ್ವಲ್ಪ ಬದಲಾಯಿತು. ಆ ಕಾಯಿದೆಯ 14ನೆಯ ಕಲಮಿನ ಪ್ರಕಾರ, ಸ್ವಾಧೀನ ಕೊಟ್ಟ ದಿನದಿಂದ 5 ವರ್ಷಗಳೊಳಗೆ ಕಟ್ಟಡದ ರಚನೆಯಲ್ಲಾಗಲಿ, ಕಾಮಗಾರಿಯ ಗುಣಮಟ್ಟದಲ್ಲಾಗಲಿ, ಒದಗಿಸಿದ ಸೌಕರ್ಯಗಳಲ್ಲಾಗಲಿ ದೋಷ ಕಂಡುಬಂದು ಅದನ್ನು ಬಿಲ್ಡರ್‌ನ ಗಮನಕ್ಕೆ ತಂದರೆ, ಅವನು 30 ದಿನಗಳೊಳಗೆ ಹೆಚ್ಚಿನ ಹಣ ಕೇಳದೆ ಸರಿಪಡಿಸಬೇಕು. ದೋಷವನ್ನು ಗಮನಕ್ಕೆ ತರಬೇಕಾದರೆ ಮೊದಲು ಅದು ಕಾಣಬೇಕು, ಕಂಡದ್ದು ಬರಹದಲ್ಲಿ ಇರಬೇಕು. ತಪಾಸಕನಿಗೆ ಇಲ್ಲಿ ಕೆಲಸ ಹುಟ್ಟಿದ್ದು ಹೀಗೆ. ಭಾರತದಲ್ಲಿ ಈ ವೃತ್ತಿಗೆಂದೇ ಪ್ರತ್ಯೇಕ ಪರವಾನಗಿಯ ಕಾನೂನು ಇಲ್ಲದಿರುವುದರಿಂದ ಯಾರು ಬೇಕಾದರೂ ಯಂತ್ರವೊಂದನ್ನು ಹಿಡಿದು ತಪಾಸಕನೆನಿಸಿಕೊಳ್ಳಬಹುದು. ಆದ್ದರಿಂದ ಸಿವಿಲ್ ಎಂಜಿನಿಯರಿಂಗ್ ಓದಿರುವನೇ, ಹಿಂದಿನ ವರದಿಯ ಮಾದರಿಯೊಂದನ್ನು ತೋರಿಸುವನೇ, ದುರಸ್ತಿಯ ಗುತ್ತಿಗೆಯನ್ನೂ ಹಿಡಿಯುವನೇ ಎಂದು ವಿಚಾರಿಸಿಕೊಳ್ಳುವ ಹೊರೆ ಮನೆ ಕೊಳ್ಳುವವರ ಮೇಲೆಯೇ ಬೀಳುತ್ತದೆ.

ಪ್ರಸ್ತುತ ಲೇಖಕನು ನಿಂತು ನೋಡಿದ ವೃತ್ತಿಪರ ತಪಾಸಣೆಗಳಲ್ಲಿ ಕನಕಪುರ ರಸ್ತೆಯ ಸಮುಚ್ಚಯವೊಂದರ ಎರಡು ಮಲಗುಕೋಣೆಗಳ ಹೊಸ ಫ್ಲ್ಯಾಟಿನದು ಹೆಚ್ಚು ನೆನಪಿನಲ್ಲಿ ಉಳಿದಿದೆ, ಏಕೆಂದರೆ ಮೇಲ್ನೋಟಕ್ಕೆ ಅಲ್ಲಿ ಹುಡುಕಲು ಏನೂ ಇರಲಿಲ್ಲ. ದಾವಣಗೆರೆ ಕಡೆಯ ಯುವ ಎಂಜಿನಿಯರ್ ಒಬ್ಬರು ಸಹಾಯಕನೊಡನೆ ಬಂದಿದ್ದರು, ಮತ್ತು ಬಂದವರೇ ಮೊದಲು ಕೇಳಿದ್ದು ಕರೆಂಟು ಮತ್ತು ನೀರು ಎರಡೂ ಬಂದಿವೆಯೇ ಎಂದು. ಈ ಎರಡೂ ಇಲ್ಲದ ಮನೆಯಲ್ಲಿ ಅರ್ಧ ಪರೀಕ್ಷೆ ನಡೆಯುವುದೇ ಇಲ್ಲವೆಂಬುದು ಅನೇಕರಿಗೆ ಆ ದಿನವೇ ತಿಳಿಯುವ ಸಂಗತಿ. ಅವರ ಚೀಲದಲ್ಲಿ ಮೇಸ್ತ್ರಿಯ ರಸಮಟ್ಟವೂ ಮೂಲೆಮಟ್ಟವೂ ಇದ್ದವು, ಅವುಗಳ ಜೊತೆಗೆ ಲೇಸರ್ ಅಳತೆಯ ಸಾಧನ, ತೇವಮಾಪಕ, ಶಾಖಚಿತ್ರದ ಕ್ಯಾಮೆರಾ, ತುದಿಯಲ್ಲಿ ಲೋಹದ ಗುಂಡಿರುವ ಉದ್ದನೆಯ ಕಡ್ಡಿ ಇದ್ದವು. ಸಹಾಯಕ ಆ ಕಡ್ಡಿಯ ಗುಂಡನ್ನು ನೆಲದ ಟೈಲ್ಸಿನ ಮೇಲೆ ಎಳೆಯುತ್ತ ಸಾಗಿದಂತೆ ‘ಟಣ್ ಟಣ್’ ಎಂಬ ಗಟ್ಟಿ ಸದ್ದು ಕೆಲವೆಡೆ ‘ಡಬ್ ಡಬ್’ ಎಂದು ಬದಲಾಗುತ್ತಿತ್ತು, ಆ ಜಾಗದಲ್ಲಿ ಟೈಲ್ಸಿನ ಕೆಳಗೆ ಗಾರೆ ತುಂಬಿಲ್ಲವೆಂದು ಅವನು ಬಣ್ಣದ ಚೀಟಿ ಅಂಟಿಸುತ್ತಿದ್ದನು. ಲೇಸರ್ ಅಳತೆಯಿಂದ ಕೋಣೆಗಳ ಕಾರ್ಪೆಟ್ ವಿಸ್ತೀರ್ಣವನ್ನು, ಅಂದರೆ ಹೊರಗೋಡೆ, ಬಾಲ್ಕನಿ ಮತ್ತು ಪೈಪುಗಳ ಓಣಿಗಳನ್ನು ಬಿಟ್ಟು ಒಳಗಿನ ಅಡ್ಡಗೋಡೆಗಳನ್ನು ಸೇರಿಸಿ ಕಾಯಿದೆ ಹೇಳುವ ಬಳಕೆಯ ಜಾಗವನ್ನು, ಲೆಕ್ಕಹಾಕಿ ಕರಾರಿನ ಅಂಕಿಯೊಡನೆ ಹೋಲಿಸಿದರು. ಅಲ್ಲಿ ದೂರುವಂಥದ್ದೇನೂ ಸಿಗಲಿಲ್ಲ.

ಸಿಕ್ಕಿದ್ದು ಮಲಗುಕೋಣೆ ಮತ್ತು ಬಚ್ಚಲುಮನೆಯ ನಡುವಣ ಗೋಡೆಯಲ್ಲಿ. ಬೂದುಬಿಳಿ ಬಣ್ಣ ಹೊಸದಾಗಿ ಹೊಡೆದಿದ್ದ ಆ ಗೋಡೆಯ ಬುಡದಲ್ಲಿ, ಸ್ಕರ್ಟಿಂಗ್ ಪಟ್ಟಿಯಿಂದ ಒಂದು ಗೇಣು ಮೇಲೆ, ತೇವಮಾಪಕದ ಎರಡು ಸೂಜಿಗಳನ್ನು ಒತ್ತಿದ ಕೂಡಲೇ ಅದು ಕೂಗಿತು. ಈ ಮಾಪಕ ಎರಡು ಸೂಜಿಗಳ ನಡುವೆ ವಿದ್ಯುತ್ತಿಗೆ ಇರುವ ತಡೆಯನ್ನು ಅಳೆಯುತ್ತದೆ. ಗಾರೆ ಒದ್ದೆಯಾದಷ್ಟೂ ತಡೆ ಕಡಿಮೆ. ಶಾಖಚಿತ್ರದ ಕ್ಯಾಮೆರಾದಲ್ಲಿ ಅದೇ ಜಾಗ ಕಡುನೀಲಿಯ ಒಂದು ತೇಪೆಯಾಗಿ ಕಂಡಿತು. ಈ ಕ್ಯಾಮೆರಾ ಗೋಡೆಯೊಳಗೆ ಇಣುಕುತ್ತದೆ ಎಂಬ ನಂಬಿಕೆ ಎಲ್ಲೆಡೆ ಹರಡಿದೆ, ಅದು ನಿಜವಲ್ಲ. ಮೇಲ್ಮೈಯ ಉಷ್ಣಾಂಶದ ವ್ಯತ್ಯಾಸವನ್ನು ಮಾತ್ರ ಅದು ತೋರಿಸುತ್ತದೆ, ಆವಿಯಾಗುತ್ತಿರುವ ನೀರು ಗೋಡೆಯನ್ನು ತಂಪಾಗಿಸುವುದರಿಂದ ಒದ್ದೆ ಜಾಗ ತಣ್ಣಗೆ ಕಾಣುತ್ತದೆ. ಬಿಲ್ಡರ್ ಕಡೆಯ ಸೈಟ್ ಎಂಜಿನಿಯರ್ ‘ನೆಲ ತೊಳೆದಿದ್ದಾರೆ ಸರ್, ಅದರ ಪಸೆ ಅಷ್ಟೇ, ಎರಡು ದಿನದಲ್ಲಿ ಒಣಗಿಹೋಗುತ್ತೆ’ ಎಂದರು. ತಪಾಸಕರು ವಾದಕ್ಕಿಳಿಯಲಿಲ್ಲ. ಬಚ್ಚಲಿನ ನೀರು ಹೋಗುವ ಜಾಲರಿಗೆ, ಅಂದರೆ ನಹಾನಿ ಟ್ರ್ಯಾಪಿಗೆ, ಬಟ್ಟೆ ತುರುಕಿ, ಎರಡು ಅಂಗುಲ ನೀರು ನಿಲ್ಲಿಸಿ, ನೀರಿನ ಮಟ್ಟಕ್ಕೆ ಟೈಲ್ಸಿನ ಮೇಲೆ ಪೆನ್ಸಿಲ್ ಗೆರೆ ಎಳೆದು, ಬಾಗಿಲಿಗೆ ಬೀಗ ಹಾಕಿಸಿ ಕೀಲಿಯನ್ನು ಮನೆ ಕೊಳ್ಳುವವರ ಕೈಗೇ ಕೊಟ್ಟರು. ಮರುದಿನ ಅದೇ ಹೊತ್ತಿಗೆ ನೀರು ಗೆರೆಗಿಂತ ಕಣ್ಣಿಗೆ ಕಾಣುವಷ್ಟು ಕೆಳಗಿಳಿದಿತ್ತು, ಮಲಗುಕೋಣೆಯ ಗೋಡೆಯಲ್ಲಿ ಮಾಪಕ ಕೂಗುವ ಎತ್ತರ ಮೇಲೇರಿತ್ತು, ಕೆಳಮನೆಯ ಬಚ್ಚಲಿನ ಚಾವಣಿಯ ಮೂಲೆಯಲ್ಲಿ ಹನಿಯೊಂದು ಕಟ್ಟಿ ನಿಂತಿತ್ತು.

ಇದರ ಹಿನ್ನೆಲೆಯನ್ನು ಸ್ವಲ್ಪ ವಿವರಿಸಬೇಕು. ಇಲ್ಲಿನ ಬಹುಮಹಡಿ ಕಟ್ಟಡಗಳಲ್ಲಿ ಬಚ್ಚಲುಮನೆಯ ಸ್ಲ್ಯಾಬನ್ನು ಉಳಿದ ನೆಲಕ್ಕಿಂತ ಸುಮಾರು ಒಂದು ಅಡಿ ತಗ್ಗಿಸಿ ಹಾಕಿ, ಆ ಗುಳಿಯಲ್ಲಿ ಪೈಪುಗಳನ್ನು ಹಾಯಿಸಿ, ಇಟ್ಟಿಗೆ ಚೂರು ಮುಂತಾದುವನ್ನು ತುಂಬಿ ಮೇಲೆ ಟೈಲ್ಸ್ ಹಾಕುವ ಪದ್ಧತಿ ಇದೆ. ಗುಳಿಯ ತಳಕ್ಕೆ ಮತ್ತು ಪಕ್ಕಗಳಿಗೆ ನೀರು ತಡೆಯುವ ಲೇಪವನ್ನು ಸರಿಯಾಗಿ ಹಚ್ಚದಿದ್ದರೆ, ಟೈಲ್ಸಿನ ಸಂದಿಯಿಂದ ಇಳಿದ ನೀರು ತಿಂಗಳುಗಟ್ಟಲೆ ಅಲ್ಲೇ ನಿಂತು, ದಾರಿ ಸಿಕ್ಕಿದ ಕಡೆಗೆ ನುಗ್ಗುತ್ತದೆ. ಆ ಲೇಪವನ್ನು ಹಚ್ಚಿದ ಮೇಲೆ, ಗುಳಿ ತುಂಬುವ ಮೊದಲು, ಹೀಗೆಯೇ ನೀರು ನಿಲ್ಲಿಸಿ ನೋಡುವುದು ಕ್ರಮ. ಆಗ ಒಂದು ದಿನದಲ್ಲಿ ಮುಗಿಯುವ ಕೆಲಸ ಸಂಸಾರ ಹೂಡಿದ ಮೇಲೆ ಟೈಲ್ಸ್ ಒಡೆದು, ಮೇಲಿನ ಮನೆಯವರು ಕೆಳಗಿನ ಮನೆಯವರು ಮಾತು ಬಿಟ್ಟು, ವರ್ಷ ಕಳೆದರೂ ಮುಗಿಯುವುದಿಲ್ಲ. ಅಪಾರ್ಟ್‌ಮೆಂಟ್ ಸಂಘಗಳ ಸಭೆಗಳಲ್ಲಿ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮನೆ ಕೊಳ್ಳುವವರು ತಪಾಸಣೆಯ ದಿನ ಹೆಚ್ಚು ಹೆದರುವುದು ಬಿರುಕುಗಳಿಗೆ, ಮತ್ತು ಈ ಹೆದರಿಕೆ ಬಹುಮಟ್ಟಿಗೆ ತಪ್ಪು ಜಾಗದಲ್ಲಿರುತ್ತದೆ. ಭಾರತೀಯ ಮಾನಕ ಸಂಸ್ಥೆಯು 1984ರಲ್ಲಿ ಹೊರತಂದ ಕೈಪಿಡಿಯೊಂದು 1 ಮಿಲಿಮೀಟರಿಗಿಂತ ಕಿರಿದಾದ ಬಿರುಕನ್ನು ತೆಳುವೆಂದೂ, 1ರಿಂದ 2 ಮಿಲಿಮೀಟರಿನದನ್ನು ಮಧ್ಯಮವೆಂದೂ, ಅದಕ್ಕೂ ಮೀರಿದ್ದನ್ನು ಅಗಲವೆಂದೂ ವಿಂಗಡಿಸುತ್ತದೆ. ಆದರೆ ಅನುಭವಿ ತಪಾಸಕ ಅಗಲಕ್ಕಿಂತ ಮೊದಲು ಬಿರುಕು ಎಲ್ಲಿದೆ, ಯಾವ ಕಡೆಗೆ ಓಡುತ್ತಿದೆ ಎಂದು ನೋಡುತ್ತಾನೆ. ಕಾಂಕ್ರೀಟ್ ಕಂಬಕ್ಕೂ ಬ್ಲಾಕಿನ ಗೋಡೆಗೂ ಸೇರುವ ಸಂದಿಯಲ್ಲಿ ನೇರವಾಗಿ ಇಳಿಯುವ ಗೆರೆ, ಬಿಸಿಲಿಗೆ ಎರಡು ವಸ್ತುಗಳು ಬೇರೆಬೇರೆ ಪ್ರಮಾಣದಲ್ಲಿ ಹಿಗ್ಗುವುದರಿಂದ, ಗಾರೆಯ ಕೆಳಗೆ ತಂತಿಬಲೆ ಹಾಕದೆ ಬಿಟ್ಟಿದ್ದರಿಂದ ಮೂಡಿದ್ದು. ನೋಡಲು ಅಸಹ್ಯ, ಅಪಾಯವೇನಿಲ್ಲ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟು ಮೇಲೆ ಹೋದಂತೆ ಅಗಲವಾಗುವ ಬಿರುಕು ತಳಪಾಯ ಒಂದು ಕಡೆ ಕುಸಿದಿರಬಹುದೆಂಬ ಸೂಚನೆ. ಧಾರವಾಡ, ವಿಜಯಪುರ, ಕಲಬುರ್ಗಿ ಕಡೆಯ ಎರೆಮಣ್ಣಿನ ನೆಲದಲ್ಲಿ, ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವ ಮಣ್ಣಿನ ಮೇಲೆ ಸಾಧಾರಣ ಪಾಯ ಹಾಕಿದ ಮನೆಗಳಲ್ಲಿ, ಇಂಥವು ಹಂಗಾಮಿಗೆ ತಕ್ಕಂತೆ ತೆರೆದು ಮುಚ್ಚುವುದನ್ನು ಅಲ್ಲಿಯವರು ಬಲ್ಲರು. ಎಲ್ಲಕ್ಕಿಂತ ಕೆಟ್ಟದ್ದು ತೊಲೆ ಅಥವಾ ಕಂಬದ ಉದ್ದಕ್ಕೂ ಒಳಗಿನ ಕಬ್ಬಿಣದ ಜಾಡಿನಲ್ಲೇ ಓಡುವ, ತುಕ್ಕಿನ ಕಂದು ಕಲೆ ಬಿಟ್ಟಿರುವ ಬಿರುಕು. ಅಂಥದ್ದು ಕಂಡಲ್ಲಿ ಸಾಮಾನ್ಯ ತಪಾಸಕ ಅಲ್ಲಿಗೇ ನಿಂತು, ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ ಎಂದು ವರದಿಯಲ್ಲಿ ಬರೆಯಬೇಕು. ಹಾಗೆ ಬರೆಯುವವನೇ ನಂಬಲರ್ಹನು.

ವಿದ್ಯುತ್ತಿನ ಪರೀಕ್ಷೆ ನೋಡಲು ನೀರಸ, ಆದರೆ ಪ್ರಾಣಕ್ಕೆ ಸಂಬಂಧಿಸಿದ್ದು. ಮೂರು ಪಿನ್ನಿನ ಪುಟ್ಟ ಪರೀಕ್ಷಾ ಪ್ಲಗ್ಗನ್ನು ಪ್ರತಿ ಸಾಕೆಟ್ಟಿಗೂ ಚುಚ್ಚಿ, ಅದರ ದೀಪಗಳು ಬೆಳಗುವ ಕ್ರಮದಿಂದ ಅರ್ಥಿಂಗ್ ತಂತಿ ಕೂಡಿದೆಯೇ, ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾಗಿವೆಯೇ ಎಂದು ತಿಳಿಯುತ್ತಾರೆ. ಮೇಲೆ ಹೇಳಿದ ಫ್ಲ್ಯಾಟಿನ ಅಡುಗೆಮನೆಯಲ್ಲಿ ಮಿಕ್ಸಿಗೆಂದು ಇಟ್ಟ ಸಾಕೆಟ್ಟಿಗೆ ಅರ್ಥಿಂಗ್ ಇರಲಿಲ್ಲ. ಮುಚ್ಚಳ ಬಿಚ್ಚಿಸಿ ನೋಡಿದಾಗ ಹಸಿರು ತಂತಿ ಎಲ್ಲಿಗೂ ಕೂಡದೆ ಸುರುಳಿ ಸುತ್ತಿಕೊಂಡು ಡಬ್ಬಿಯೊಳಗೆ ಕೂತಿತ್ತು. ದೇಹದ ಮೂಲಕ ವಿದ್ಯುತ್ ಸೋರಿದರೆ ಕ್ಷಣಾರ್ಧದಲ್ಲಿ ಸಂಪರ್ಕ ಕಡಿಯುವ ಆರ್‌ಸಿಸಿಬಿ ಎಂಬ ಸಾಧನ ಫಲಕದಲ್ಲಿದೆಯೇ, ಅದು ಮನುಷ್ಯರ ರಕ್ಷಣೆಗೆ ತಕ್ಕ 30 ಮಿಲಿಆಂಪಿಯರ್‌ನದೇ, ಪರೀಕ್ಷೆಯ ಗುಂಡಿ ಒತ್ತಿದಾಗ ಬೀಳುತ್ತದೆಯೇ ಎಂಬುದನ್ನೂ ನೋಡಬೇಕು. ನೀರಿನ ವಿಷಯದಲ್ಲಿ, ಕುಡಿಯುವ ನೀರಿಗೆ ಭಾರತೀಯ ಮಾನಕವು ಲೀಟರಿಗೆ 500 ಮಿಲಿಗ್ರಾಂವರೆಗೆ ಕರಗಿದ ಲವಣಾಂಶವನ್ನು ಒಪ್ಪುತ್ತದೆ. ಕೊಳವೆಬಾವಿಯನ್ನೇ ನೆಚ್ಚಿದ ಬೆಂಗಳೂರಿನ ಸಮುಚ್ಚಯಗಳಲ್ಲಿ ಅದನ್ನು ಮೀರುವುದು ಅಪರೂಪವಲ್ಲ.

ಹಳೆಯ ಮನೆಗಳ ತಪಾಸಣೆಯ ರೀತಿಯೇ ಬೇರೆ. ಅಲ್ಲಿ ಗೋಡೆಗಿಂತ ಗೋಡೆಗೆ ಒರಗಿರುವ ವಸ್ತುಗಳನ್ನು ನೋಡಬೇಕಾಗುತ್ತದೆ, ಏಕೆಂದರೆ ತೇವ ಹಿಡಿದ ಜಾಗಕ್ಕೆ ಬೀರು ಸರಿದು ಬರುತ್ತದೆ, ಉಪ್ಪು ಬಿಟ್ಟ ಗಾರೆಯ ಮೇಲೆ ದೇವರ ಕ್ಯಾಲೆಂಡರ್ ತೂಗುತ್ತದೆ, ಇಡೀ ಮನೆ ಮಾಸಿದ್ದರೂ ಒಂದೇ ಒಂದು ಗೋಡೆಗೆ ಹೊಸ ಬಣ್ಣ ಬಂದಿರುತ್ತದೆ. ಮಾರುವವರದೆಲ್ಲ ಮೋಸವೆಂದು ಹೀಗೆ ಹೇಳುತ್ತಿಲ್ಲ. ಮನೆಗೆ ನಾಲ್ಕು ಜನ ಬರುವಾಗ ಮುಖ ತೊಳೆಯುವುದು ಎಲ್ಲ ಮನೆಗಳ ಸ್ವಭಾವ. ಋತುವನ್ನೂ ಗಮನದಲ್ಲಿಡಬೇಕು. ಮಾರ್ಚಿಯಲ್ಲಿ ನೋಡಿದ ತಾರಸಿ ಯಾವ ಗುಟ್ಟನ್ನೂ ಬಿಟ್ಟುಕೊಡುವುದಿಲ್ಲ, ಸೆಪ್ಟೆಂಬರ್ ಅಕ್ಟೋಬರ್‌ಗಳ ಮಳೆಯಲ್ಲಿ ನೋಡಿದ್ದು ಏನನ್ನೂ ಮುಚ್ಚಿಡಲಾರದು. ಬೇಸಿಗೆಯಲ್ಲಿಯೇ ಕೊಳ್ಳಬೇಕಾಗಿ ಬಂದರೆ, ತಾರಸಿಯ ಮೋರಿಗಳನ್ನು ಮುಚ್ಚಿ ನೀರು ನಿಲ್ಲಿಸಿ ನೋಡಲು ಮಾರುವವರ ಒಪ್ಪಿಗೆ ಕೇಳುವುದು ಸಂಕೋಚದ ವಿಷಯವಾಗಬಾರದು.

ತಪಾಸಣೆಯಿಂದ ಏನನ್ನು ನಿರೀಕ್ಷಿಸಬಾರದು ಎಂಬುದೂ ಅಷ್ಟೇ ಮುಖ್ಯ. ಎರಡು ಮೂರು ತಾಸು ಮನೆಯಲ್ಲಿ ಓಡಾಡುವ ತಪಾಸಕ ಗೋಡೆ ಒಡೆಯುವುದಿಲ್ಲ, ಟೈಲ್ಸ್ ಕೀಳುವುದಿಲ್ಲ, ಹೂತುಹೋದ ತಳಪಾಯವನ್ನು ಕಾಣಲಾರ. ಮುಂದಿನ ಹತ್ತು ವರ್ಷಗಳಿಗೆ ಭರವಸೆ ಕೊಡುವುದಂತೂ ಅವನ ಕೆಲಸವೇ ಅಲ್ಲ. ಕೊಳ್ಳಬೇಕೋ ಬಿಡಬೇಕೋ ಎಂದೂ ಅವನು ಹೇಳಬಾರದು, ಕೇಳಿದವರಿಗೆ ಅದು ನಿರಾಸೆಯಾದರೂ ಸರಿಯೇ. ಅವನು ಕೊಡುವುದು ಚಿತ್ರಗಳ ಸಮೇತ ಒಂದು ವರದಿ. ಹೊಸ ಫ್ಲ್ಯಾಟಿನದಾದರೂ ಅದರಲ್ಲಿ ನೂರಕ್ಕೆ ಹತ್ತಿರ ದೋಷಗಳಿದ್ದರೆ ಗಾಬರಿಯಾಗಬೇಕಿಲ್ಲ, ಅವುಗಳಲ್ಲಿ ಬಹುಪಾಲು ಬಣ್ಣದ ಮಚ್ಚೆ, ಕಚ್ಚಿಕೊಳ್ಳುವ ಚಿಲಕ, ಜಾರದ ಕಿಟಕಿಗಳೇ ಆಗಿರುತ್ತವೆ. ನೀರು, ವಿದ್ಯುತ್, ರಚನೆ ಈ ಮೂರಕ್ಕೆ ಸೇರಿದವನ್ನು ಮೊದಲು ಹೆಕ್ಕಿ ತೆಗೆಯಬೇಕು. ಬಿಲ್ಡರ್ ಕಡೆಯವರು ಸಾಮಾನ್ಯವಾಗಿ ಬಣ್ಣದ ಮಚ್ಚೆಗಳನ್ನು ಉತ್ಸಾಹದಿಂದ ಸರಿಪಡಿಸಿ, ಪಟ್ಟಿಯ ಮುಕ್ಕಾಲು ಭಾಗ ಮುಗಿಯಿತೆಂದು ತೋರಿಸುತ್ತಾರೆ. ಕನಕಪುರ ರಸ್ತೆಯ ಆ ಫ್ಲ್ಯಾಟಿನಲ್ಲಿಯೂ ಹಾಗೆಯೇ ಆಯಿತು. ಬಚ್ಚಲಿನ ಟೈಲ್ಸ್ ಕಿತ್ತು ಲೇಪವನ್ನು ಹೊಸದಾಗಿ ಹಚ್ಚಿದ್ದು, ಕೊಳ್ಳುವವರು ಕೊನೆಯ ಕಂತಿನ ಹಣವನ್ನು ತಡೆಹಿಡಿದು ಲಿಖಿತವಾಗಿ ಒತ್ತಾಯಿಸಿದ ಮೇಲೆಯೇ, ಮತ್ತು ಆ ಬಳಿಕ ಗೆರೆ ಎಳೆದು ನಿಲ್ಲಿಸಿದ ನೀರು ಇಳಿಯಲಿಲ್ಲ.

ಆದ್ದರಿಂದ ಮನೆ ಕೊಳ್ಳಲಿರುವ ಓದುಗರು ತಪಾಸಣೆಯನ್ನು ಗೃಹಪ್ರವೇಶದ ಹಿಂದಿನ ವಾರಕ್ಕೆ ಇಟ್ಟುಕೊಳ್ಳಬಾರದು. ಹಳೆಯ ಮನೆಯಾದರೆ ಕ್ರಯಪತ್ರ ನೋಂದಣಿಯಾಗುವುದಕ್ಕೆ ಮೊದಲು, ಹೊಸ ಫ್ಲ್ಯಾಟಾದರೆ ‘ಎಲ್ಲವೂ ಸುಸ್ಥಿತಿಯಲ್ಲಿದೆ’ ಎಂದು ಅಚ್ಚು ಹಾಕಿಸಿರುವ ಸ್ವಾಧೀನ ಪತ್ರಕ್ಕೆ ಸಹಿ ಹಾಕುವುದಕ್ಕೆ ಮೊದಲು ಅದನ್ನು ಮಾಡಿಸಬೇಕು. ದೋಷಗಳ ಪಟ್ಟಿಯನ್ನು ಆ ಪತ್ರಕ್ಕೇ ಲಗತ್ತಿಸಿ, ಒಂದು ಪ್ರತಿಯ ಮೇಲೆ ಬಿಲ್ಡರ್ ಕಚೇರಿಯ ಮೊಹರು ಮತ್ತು ತಾರೀಖು ಹಾಕಿಸಿಕೊಂಡು, ಅದನ್ನು ಕ್ರಯಪತ್ರದ ಜೊತೆಯಲ್ಲೇ ಇಡಬೇಕು.